ಹೀಟರ್ ಮೇಲಿನ ಸುಣ್ಣ

ಸೋಲದೇವನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಯುಟಿಲಿಟಿಯಲ್ಲಿ ಮೆಕ್ಯಾನಿಕ್ ಹುಡುಗ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಬಿಚ್ಚಿ ಕೂತಿದ್ದ. ಹೀಟರನ್ನು ಮೆಲ್ಲಗೆ ಎಳೆದು ಹಳೆಯ ಪೇಪರಿನ ಮೇಲಿಟ್ಟ. ಕಿರುಬೆರಳಿಗಿಂತ ತೆಳ್ಳಗಿರಬೇಕಾದ ಉಕ್ಕಿನ ಕೊಳವೆ ಹೆಬ್ಬೆರಳ ಗಾತ್ರಕ್ಕೆ ಬಂದಿತ್ತು. ಮೈತುಂಬ ಬೂದುಬಿಳುಪಿನ ಪೊರೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಹಳೆ ಗೋಡೆಯ ಗಾರೆಯ ಹಾಗೆ ಚಕ್ಕೆಚಕ್ಕೆಯಾಗಿ ಉದುರಿತು. “ಮೆಷಿನ್‌ದೇನೂ ತಪ್ಪಿಲ್ಲ ಅಕ್ಕ, ಎಲ್ಲಾ ನಿಮ್ಮ ಬೋರ್ ನೀರಿನ ಕಾಟ” ಅಂದ.

ಅವನ ಮಾತು ನಿಜ. ನಮ್ಮ ಕಡೆ ಮೆಷಿನ್ ಕೆಟ್ಟಿತು ಎಂದು ಫೋನ್ ಮಾಡುವ ಮುಂಚೆ ನೀರನ್ನೊಮ್ಮೆ ವಿಚಾರಿಸಬೇಕು.

ತುಮಕೂರು ಕಡೆ ಹೋಗುವ ರೈಲು ಚಿಕ್ಕಬಾಣಾವರ ದಾಟಿದ ಮೇಲೆ ಸಿಗುವ ಸಣ್ಣ ನಿಲ್ದಾಣ ನಮ್ಮದು. ಹೊರಗಿನವರಿಗೆ ಈ ಊರು ಗೊತ್ತಿರುವುದು ಆಚಾರ್ಯ ಕಾಲೇಜಿನಿಂದ. ಆದರೆ ಬೆಂಗಳೂರಿಗೆ ಮೊದಲ ಬಾರಿ ನಲ್ಲಿ ನೀರು ಹರಿದದ್ದು ನಮ್ಮೂರಿನ ಮೂಲಕ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಕಟ್ಟಿದ ಹೆಸರಘಟ್ಟ ಕೆರೆಯ ನೀರು ಇಳಿಜಾರಿನಲ್ಲಿ ಸೋಲದೇವನಹಳ್ಳಿಗೆ ಬರುತ್ತಿತ್ತು. ಇಲ್ಲಿಂದ ಪಂಪು ಮಾಡಿ ಮಲ್ಲೇಶ್ವರಕ್ಕೆ ಏರಿಸುತ್ತಿದ್ದರು. ಬೆಂಗಳೂರಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ, ಉಗಿಯಂತ್ರವೇ ಗತಿ. ಅದು ಮಳೆಯ ನೀರು, ಕೆರೆಯ ನೀರು. ಇವತ್ತು ನಮ್ಮಲ್ಲಿ ಅನೇಕ ಮನೆಗಳ ಸಂಪು ತುಂಬುವುದು ಬೋರಿನಿಂದ, ಇಲ್ಲವೇ ಟ್ಯಾಂಕರಿನಿಂದ. ಟ್ಯಾಂಕರಿನವರ ನೀರೂ ಇನ್ಯಾವುದೋ ಬೋರಿನದೇ.

ಬೆಂಗಳೂರಿನ ನೆಲದಡಿ ಇರುವುದು ಗಟ್ಟಿ ಕಲ್ಲು, ಗ್ರಾನೈಟು ಮತ್ತು ನೈಸ್. ನೀರು ಸಿಗುವುದು ಅದರ ಬಿರುಕುಗಳಲ್ಲಿ. ಮಣ್ಣಿನಲ್ಲಿ ಇಳಿಯುವಾಗ ನೀರು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲವಾಗುತ್ತದೆ. ವರ್ಷಗಟ್ಟಲೆ ಬಂಡೆಯ ಸಂದಿಯಲ್ಲಿ ಕೂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಳ್ಳುತ್ತದೆ. ಬೇಳೆ ಬೇಗ ಬೇಯದು ಎಂದು ನಮ್ಮ ಅಜ್ಜಿಯರು ಗಡಸು ನೀರು ಅಂದದ್ದು ಇದನ್ನೇ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ.

ನಿಮ್ಮ ನೀರು 400 ಇದೆ ಅನ್ನಿ. ಒಂದು ಒಗೆತಕ್ಕೆ ಸುಮಾರು 50 ಲೀಟರ್ ನೀರು, ಅಂದರೆ 20 ಗ್ರಾಂ ಸುಣ್ಣ. ವಾರಕ್ಕೆ ಐದು ಸಲ ಒಗೆದರೆ ವರ್ಷಕ್ಕೆ ಐದು ಕಿಲೋ ದಾಟಿತು. ಬಹುಪಾಲು ನೀರಿನ ಜೊತೆಗೇ ಹೊರಟುಹೋಗುತ್ತದೆ, ನಿಜ. ನಿಲ್ಲುವುದು ಬಿಸಿ ಇರುವ ಕಡೆ. ಉಪ್ಪು, ಸಕ್ಕರೆ ಬಿಸಿನೀರಿನಲ್ಲಿ ಚೆನ್ನಾಗಿ ಕರಗುತ್ತವಲ್ಲ, ಸುಣ್ಣದ ಸ್ವಭಾವ ಅದಕ್ಕೆ ತದ್ವಿರುದ್ಧ. ನೀರು ಕಾದಂತೆ ಅದರೊಳಗಿನ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಅನಿಲ ಹಾರಿಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಉಳಿಯುತ್ತದೆ. ಮೆಷಿನ್ನಿನಲ್ಲಿ ಎಲ್ಲಕ್ಕಿಂತ ಬಿಸಿಯಾದ ಜಾಗ ಹೀಟರಿನ ಮೈ, ಅಲ್ಲೇ ಅಂಟುತ್ತದೆ. ಪೊರೆ ದಪ್ಪವಾದ ಹಾಗೆ ಶಾಖ ನೀರಿಗೆ ದಾಟುವುದು ಕಷ್ಟವಾಗಿ, ಹೀಟರ್ ತನ್ನೊಳಗೇ ಬೇಯುತ್ತದೆ. ಒಂದು ದಿನ ಕೊಳವೆ ಸೀಳಿ ನೀರು ಒಳಹೊಕ್ಕು ಕರೆಂಟು ಸೋರುತ್ತದೆ. ಬಟ್ಟೆ ತಿರುಗಲು ಶುರುವಾಗಿ ನೀರು ಕಾಯುವ ಹೊತ್ತಿಗೆ ಸರಿಯಾಗಿ ಮನೆಯ ಆರ್‌ಸಿಸಿಬಿ (ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚು) ಟ್ರಿಪ್ ಆಗುತ್ತಿದ್ದರೆ ಮೊದಲ ಅನುಮಾನ ಹೀಟರಿನ ಮೇಲಿರಲಿ. ಸ್ವಿಚ್ಚನ್ನು ಮತ್ತೆ ಮತ್ತೆ ಎತ್ತಿ ನೋಡಬೇಡಿ. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಇದೇ ತೊಂದರೆ ಜೀವಕ್ಕೆ ಬರುತ್ತದೆ.

ಸೋಪಿಗೂ ಗಡಸು ನೀರಿಗೂ ಹಳೆಯ ವೈರ. ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಮೊಸರೊಡೆದಂಥ ಗಸಿಯಾಗುತ್ತದೆ, ನೊರೆ ಬರುವುದಿಲ್ಲ. ನಮ್ಮ ಅಗಸರು ಇದಕ್ಕೆ ಎಂದೋ ದಾರಿ ಕಂಡುಕೊಂಡಿದ್ದರು. ಅವರು ಬಳಸುತ್ತಿದ್ದ ಚೌಳು ಮಣ್ಣಿನಲ್ಲಿ ಇರುವುದು ಸೋಡಿಯಂ ಕಾರ್ಬೊನೇಟ್, ಅಂದರೆ ಒಗೆಯುವ ಸೋಡಾ. ಅದು ನೀರಿನ ಕ್ಯಾಲ್ಸಿಯಂ ಅನ್ನು ತಾನೇ ಹಿಡಿದು ತಳಕ್ಕಿಳಿಸಿ ನೀರನ್ನು ಮೆದು ಮಾಡುತ್ತದೆ. ಅಂಟುವಾಳದ ಕಾಯಿಯ ನೊರೆಯಂತೂ ಕ್ಯಾಲ್ಸಿಯಂಗೆ ಸೊಪ್ಪೇ ಹಾಕುವುದಿಲ್ಲ. ಇವತ್ತಿನ ಮೆಷಿನ್ ಪೌಡರಿನಲ್ಲೂ ಅದೇ ಸೋಡಾ ಇದೆ, ಜೊತೆಗೆ ಕ್ಯಾಲ್ಸಿಯಂ ಹಿಡಿದಿಡುವ ಜಿಯೊಲೈಟಿನಂಥ ಪದಾರ್ಥಗಳೂ ಇರುತ್ತವೆ. ಗಡಸು ನೀರಿಗೆ ತುಸು ಹೆಚ್ಚು ಪೌಡರ್ ಹಾಕಿ ಎಂದು ಪ್ಯಾಕೆಟ್ಟಿನ ಮೇಲೆ ಬರೆಯುವುದು ಇದಕ್ಕೇ. ಕೊಟ್ಟ ಅಳತೆ ಮೀರಬೇಡಿ. ಬಕೆಟ್ ಒಗೆತದ ಪೌಡರನ್ನಂತೂ ಫ್ರಂಟ್ ಲೋಡಿಗೆ ಹಾಕಲೇಬಾರದು. ಈ ಮೆಷಿನ್ ಬಟ್ಟೆಯನ್ನು ಮೇಲಿಂದ ಕೆಳಕ್ಕೆ ಎತ್ತಿ ಹಾಕಿ ಒಗೆಯುತ್ತದೆ. ನೊರೆ ತುಂಬಿಕೊಂಡರೆ ಆ ಬೀಳುವಿಕೆಯ ಏಟು ಬಟ್ಟೆಗೆ ತಾಗುವುದೇ ಇಲ್ಲ, ಪಂಪಿಗೂ ನೊರೆಯನ್ನು ಎಳೆಯಲಾಗುವುದಿಲ್ಲ.

ಇನ್ನು ವಾಸನೆ. ಬಾಗಿಲಿನ ಸುತ್ತಲ ರಬ್ಬರಿನ ಮಡಿಕೆಯನ್ನು ಬೆರಳಿಂದ ಅಗಲಿಸಿ ನೋಡಿ. ಕೂದಲು, ನೂಲು, ಲೋಳೆಯಂಥ ಕಪ್ಪು ಸಿಗುತ್ತದೆ. ಕರಗದ ಸೋಪು, ಮೈಯ ಜಿಡ್ಡು, ಸುಣ್ಣ ಮೂರೂ ಸೇರಿದ ಪದರದಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಒಗೆದ ಬಟ್ಟೆಯ ಮುಗ್ಗಲು ವಾಸನೆಗೆ ಮೊರಾಕ್ಸೆಲ್ಲ ಎಂಬ ಬ್ಯಾಕ್ಟೀರಿಯಾ ಒಂದು ಮುಖ್ಯ ಕಾರಣ ಎಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿಕೊಟ್ಟರು. ಸದಾ ತಣ್ಣೀರು, ಸದಾ ಲಿಕ್ವಿಡ್ ಎಂಬ ಅಭ್ಯಾಸ ಇವಕ್ಕೆ ಹಬ್ಬ. ತಿಂಗಳಿಗೊಮ್ಮೆ ಟವೆಲ್, ಬೆಡ್‌ಶೀಟುಗಳನ್ನು ಪೌಡರ್ ಹಾಕಿ 60 ಡಿಗ್ರಿಯಲ್ಲಿ ಒಗೆಯಿರಿ. ಹತ್ತು ಹನ್ನೆರಡು ಲೀಟರ್ ನೀರು ಕಾಯಲು ಖರ್ಚು ಸುಮಾರು ಅರ್ಧ ಯೂನಿಟ್ ಅಷ್ಟೇ. ಒಗೆತ ಮುಗಿದ ಮೇಲೆ ರಬ್ಬರ್ ಒರೆಸಿ, ಬಾಗಿಲು ಓರೆ ಮಾಡಿಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಮೆಷಿನ್ ನಿಮ್ಮ ಕಣ್ಣೆದುರು ಇದ್ದಾಗ ಮಾತ್ರ.

“ನೀರೇ ತಗೋತಿಲ್ಲ” ಎಂಬ ದೂರು ಮೇಲಂತಸ್ತಿನ ಮನೆಗಳದ್ದು. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ತಾರಸಿಯ ಟ್ಯಾಂಕಿನ ಕೆಳಗೇ ಇರುವ ಮನೆಗೆ ಮೂರು ಮೀಟರ್ ಸಿಕ್ಕಿದರೆ ಹೆಚ್ಚು, ಅಂದರೆ 0.3 ಬಾರ್. ಅನೇಕ ಮೆಷಿನ್ನುಗಳಿಗೆ ಬೇಕಾದ ಕನಿಷ್ಠವೇ ಅಷ್ಟು. ಇನ್‌ಲೆಟ್ ಪೈಪು ಸೇರುವ ಕಡೆಯ ಪುಟ್ಟ ಜಾಲರಿಯಲ್ಲಿ ಟ್ಯಾಂಕರಿನ ಮರಳು ಕೂತರೆ ಮುಗಿಯಿತು. ನಲ್ಲಿ ಮುಚ್ಚಿ, ಪೈಪು ಬಿಚ್ಚಿ, ಜಾಲರಿಯನ್ನು ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿದರೆ ಸಾಕು. ನೀರು ಹೊರಹೋಗದಿದ್ದರೆ ಮುಂಭಾಗದ ಕೆಳಮೂಲೆಯ ಡ್ರೈನ್ ಫಿಲ್ಟರ್ ತಿರುಗಿಸಿ ತೆಗೆಯಿರಿ, ಕೆಳಗೆ ತಟ್ಟೆ ಇಟ್ಟುಕೊಂಡು. ಪಕ್ಕದ ಮನೆಯದರಲ್ಲಿ ಅವತ್ತು ಸಿಕ್ಕಿದ್ದು ಎರಡು ನಾಣ್ಯ, ಒಂದು ಪಿನ್ನು, ರವಿಕೆಯ ಹುಕ್ಕು.

ಸ್ಪಿನ್ ಮಾಡದೆ ಮೆಷಿನ್ ಮುಷ್ಕರ ಹೂಡಿದರೆ ಬೇಸರ ಬೇಡ, ಅದು ತನ್ನನ್ನು ಕಾಪಾಡಿಕೊಳ್ಳುತ್ತಿದೆ. 48 ಸೆಂಟಿಮೀಟರ್ ಅಗಲದ ಡ್ರಮ್ ನಿಮಿಷಕ್ಕೆ 1200 ಸುತ್ತು ತಿರುಗಿದಾಗ ಅಂಚಿನಲ್ಲಿರುವ ಬಟ್ಟೆ ತನ್ನ ತೂಕದ ಸುಮಾರು 385 ಪಟ್ಟು ಬಲದಿಂದ ಹೊರಕ್ಕೆ ಒತ್ತುತ್ತದೆ. ಅರ್ಧ ಕಿಲೋ ಒಂದೇ ಕಡೆ ಹೆಚ್ಚಾದರೆ 190 ಕಿಲೋ ಭಾರ ಸೆಕೆಂಡಿಗೆ ಇಪ್ಪತ್ತು ಸಲ ಬೇರಿಂಗಿಗೆ ಗುದ್ದಿದಂತೆ. ಒಂಟಿ ಕಾಲೊರಸನ್ನು ಹಾಕಬೇಡಿ, ಜೊತೆಗೆ ನಾಲ್ಕು ಬಟ್ಟೆ ಇರಲಿ.

ಸುಣ್ಣ ಕರಗಿಸಲು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸಾಕು. ನೂರು ಗ್ರಾಂ ನಿಂಬೆ ಉಪ್ಪು ಲೆಕ್ಕದ ಪ್ರಕಾರ ತನ್ನ ತೂಕದ ಮುಕ್ಕಾಲು ಪಾಲಿನಷ್ಟು ಸುಣ್ಣವನ್ನು ಕರಗಿಸಬಲ್ಲದು. ಎರಡು ಮೂರು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ ನೂರು ಗ್ರಾಂ ಹಾಕಿ 60 ಡಿಗ್ರಿಯಲ್ಲಿ ಓಡಿಸಿ, ಮೆಷಿನ್ ಜೊತೆ ಬಂದ ಪುಸ್ತಕ ಬೇಡ ಅನ್ನದಿದ್ದರೆ. ಇದರ ಜೊತೆ ಬ್ಲೀಚಿಂಗ್ ಪೌಡರ್ ಸೇರಿಸಲೇಕೂಡದು, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಇನ್ನೊಂದು ಮಾತು: ನೀರು ಹಾಳಾಗಬಾರದು ಎಂದು ಆರ್‌ಓ ಫಿಲ್ಟರಿನ ವೇಸ್ಟ್ ನೀರನ್ನು ಮೆಷಿನ್ನಿಗೆ ಸುರಿಯುವ ಮನೆಗಳಿವೆ. ಉದ್ದೇಶ ಒಳ್ಳೆಯದೇ, ಆದರೆ ಬೋರಿನ ಸುಣ್ಣವೆಲ್ಲ ಒತ್ತಾಗಿ ಉಳಿದಿರುವುದು ಆ ನೀರಿನಲ್ಲೇ. ಅದು ನೆಲ ಒರೆಸಲಿಕ್ಕಿರಲಿ.

ಮೆದು ನೀರು ಬೇಕಾದರೆ ತಲೆಯ ಮೇಲೇ ಬೀಳುತ್ತದೆ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ನೂರು ಚದರ ಮೀಟರ್ ತಾರಸಿಯಲ್ಲಿ ಐದನೇ ಒಂದು ಪಾಲು ಪೋಲಾದರೂ 77 ಸಾವಿರ ಲೀಟರ್, ಹದಿನೈದು ನೂರು ಒಗೆತಕ್ಕೆ ಸಾಲುವಷ್ಟು. ನಗರದಲ್ಲಿ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾದದ್ದು 2009ರಲ್ಲಿ. ಆದರೂ ಆ ನೀರು ಇಂಗುಗುಂಡಿಗೋ ಚರಂಡಿಗೋ ಹೋಗುತ್ತದೆಯೇ ಹೊರತು ಮೆಷಿನ್ ಮುಟ್ಟುವುದು ಅಪರೂಪ.

ಹೊಸ ಹೀಟರ್ ಕೂರಿಸಿದ ಮರುವಾರ ಜೋರು ಮಳೆ ಬಂತು. ಮೊದಲ ಹತ್ತು ನಿಮಿಷದ ಕೊಳೆನೀರು ಹೋಗಲು ಬಿಟ್ಟು ಪಕ್ಕದ ಮನೆಯ ಅಕ್ಕ ಒಂದು ಬಾಟಲಿ ಹಿಡಿದರು. ಇನ್ನೊಂದಕ್ಕೆ ಬೋರ್ ನೀರು. ಎರಡಕ್ಕೂ ಸ್ನಾನದ ಸೋಪಿನ ಒಂದೇ ಅಳತೆಯ ಹೆರಕಲು ಹಾಕಿ ಅಲುಗಾಡಿಸಿದೆವು. ಮಳೆನೀರಿನ ಬಾಟಲಿಯಲ್ಲಿ ಮುಚ್ಚಳದವರೆಗೆ ನೊರೆ ಏರಿತು. ಬೋರ್ ನೀರಿನದರಲ್ಲಿ ಬಿಳಿಯ ಗಸಿ ತೇಲುತ್ತಿತ್ತು. ಅಕ್ಕ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತಾರಸಿಯ ಮಳೆ ಪೈಪಿನಿಂದ ಒಂದು ಸಣ್ಣ ಟ್ಯಾಂಕಿಗೆ, ಅಲ್ಲಿಂದ ಮೆಷಿನ್ನಿಗೆ ಎಷ್ಟು ಅಡಿ ಪೈಪು ಬೇಕಾದೀತು ಎಂದು ಪ್ಲಂಬರಿಗೆ ಫೋನ್ ಹಚ್ಚಿದರು.