ವಿಮಾನದ ಉಸಿರು ಕಟ್ಟಿದ್ದೇಕೆ?

ಅಂಗಡಿಯ ನೀರಿನ ಬಾಟಲಿಗೆ ಕುದಿಯುವ ನೀರು ಸುರಿದರೆ ಅದು ಕರಗುವುದಿಲ್ಲ, ಮೆತ್ತಗಾಗಿ ಮುದುಡಿಕೊಳ್ಳುತ್ತದೆ. ಪ್ರತಿ ಪ್ಲಾಸ್ಟಿಕ್ಕಿಗೂ ಹೀಗೆ ಮೆದುವಾಗುವ ಉಷ್ಣತೆಯೊಂದಿದೆ. ಈ ಲೆಕ್ಕ ತಪ್ಪಿದರೆ ವಿಮಾನವೂ ಬೀಳಬಹುದು!

ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳಿಗಾಗಿ ಅಮೆರಿಕದ ಬರ್ಟ್ ರುಟಾನ್ 'ಲಾಂಗ್ ಈಜಿ' ಎಂಬ ಪುಟ್ಟ ವಿಮಾನ ರೂಪಿಸಿದರು. ನಮ್ಮ ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯೂ 1980ರ ದಶಕದಲ್ಲಿ ಅದನ್ನು ಕಟ್ಟಿ ಹಾರಿಸಿತ್ತು. ಅದೇ ವಂಶದ 'ಕೋಜಿ ಮಾರ್ಕ್ 4' ವಿಮಾನವೊಂದು 2025ರ ಮಾರ್ಚ್ 18ರಂದು ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್ ನಿಲ್ದಾಣದಲ್ಲಿ ಇಳಿಯುವಾಗ ಇಂಜಿನ್ ಸೋತು ಅಪಘಾತಕ್ಕೀಡಾಯಿತು. ಚಾಲಕರು ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು.

ಇಂಜಿನ್ನಿಗೆ ಇಂಧನದಂತೆಯೇ ಗಾಳಿಯೂ ಬೇಕು. ಗಾಳಿ ಒಳಹೋಗುವ ಬಾಗುಕೊಳವೆ ತ್ರೀ-ಡಿ ಪ್ರಿಂಟರ್‌ನಲ್ಲಿ ಮಾಡಿದ ಪ್ಲಾಸ್ಟಿಕ್ಕಿನದು. ಶಾಖಕ್ಕೆ ಮೆದುವಾದ ಅದು ಕುಸಿದು, ಗಾಳಿಯ ದಾರಿಗೆ ಅಡ್ಡವಾಯಿತು. ಆ ಪ್ಲಾಸ್ಟಿಕ್ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆದುವಾಗುತ್ತದೆಂದು ಮಾಲೀಕರು ತಿಳಿದಿದ್ದರು. ತನಿಖೆಯಲ್ಲಿ ಅಳೆದಾಗ ಸಿಕ್ಕಿದ್ದು ಸುಮಾರು 54 ಡಿಗ್ರಿ ಮಾತ್ರ! ಮೂಲ ನಕ್ಷೆಯಂತೆ ಕೊಳವೆ ಗಾಜುನಾರಿನದಾಗಿರಬೇಕು, ಬಾಯಿಗೆ ಆಸರೆಯಾಗಿ ಅಲ್ಯೂಮಿನಿಯಂ ನಳಿಗೆ ಇರಬೇಕು. ಹೊಸ ಕೊಳವೆಯಲ್ಲಿ ಆ ಆಸರೆಯೂ ಇರಲಿಲ್ಲ.

ಅರಕೆರೆಯ ಟ್ರ್ಯಾಕ್ಟರ್ ಉಸಿರುಕಟ್ಟಿದರೆ ಗದ್ದೆಯ ಬದುವಿನ ಪಕ್ಕ ನಿಲ್ಲುತ್ತದೆ. ಆಕಾಶದಲ್ಲಿ ಬದುವಿಲ್ಲ. ಮಕ್ಕಳೇ, ಇಂದು ಎಷ್ಟೋ ಶಾಲೆಗಳಿಗೂ ಇಂಥ ಪ್ರಿಂಟರ್ ಬಂದಿದೆ. ಆಕಾರ ಸರಿಬಂತೆಂದು ಹಿಗ್ಗುವ ಮುನ್ನ, 'ಇದು ಎಷ್ಟು ಶಾಖ ತಾಳೀತು?' ಎಂದು ಕೇಳಿ. ಹೇಳಿದ್ದನ್ನು ನಂಬದೆ, ಅಳೆದು ನೋಡಿ.