ಕನ್ನಡದ ಕೀಲಿಮಣೆಗೆ ತಕ್ಕ ಕ್ರಮವಿಧಿ ಭಾಷೆ

ಭಾಷೆಯು ಮನುಷ್ಯ ಮನುಷ್ಯರ ನಡುವಣ ಸೇತುವೆಯೆಂಬುದು ಸರ್ವವಿದಿತ. ಮನುಷ್ಯನಿಗೂ ಯಂತ್ರಕ್ಕೂ ನಡುವೆ ಸೇತುವೆಯಾಗತಕ್ಕ ಭಾಷೆಗಳೂ ಉಂಟು. ಅವುಗಳಿಗೆ ಕ್ರಮವಿಧಿ ಭಾಷೆಗಳೆಂದು ಹೆಸರು. ಮೊಬೈಲಿನ ಮೇಲ್ಪದರದಲ್ಲಿ ಕಾಣುವ ಗುಂಡಿ, ಚಿತ್ರಗಳಿಗೆ ಒಂದು ಬಗೆಯ ಭಾಷೆ ಸಾಕಾದರೆ, ಯಂತ್ರದ ಸ್ಮೃತಿಕೋಶವನ್ನೇ ಮುಟ್ಟಿ ನಡೆಯುವ ಒಳಪದರದ ಕೆಲಸಕ್ಕೆ ಇನ್ನೊಂದು ಬಗೆಯದು ಬೇಕಾಗುತ್ತದೆ. ಅದನ್ನು ಆರಿಸುವ ಕ್ರಮವನ್ನು ಕನ್ನಡ ಕೀಲಿಮಣೆಯ ನಿದರ್ಶನದಿಂದ ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕೀಲಿಮಣೆಯನ್ನೇ ನಿದರ್ಶನವಾಗಿ ಆರಿಸಿಕೊಳ್ಳಲು ಕಾರಣವಿದೆ. ಕಂಪ್ಯೂಟರಿನಲ್ಲಿ ಕನ್ನಡವನ್ನು ನೆಲೆಗೊಳಿಸಿದವರಲ್ಲಿ ಅಗ್ರಗಣ್ಯರಾದ ಕೆ. ಪಿ. ರಾವ್ ಅವರು ದಕ್ಷಿಣ ಕನ್ನಡದವರು. ತಮ್ಮ ತಂತ್ರಾಂಶಕ್ಕೆ ಛಂದೋವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆಯಾಗಿ ‘ಸೇಡಿಯಾಪು’ ಎಂದೇ ಅವರು ಹೆಸರಿಟ್ಟರು. ಅವರ ಕೀಲಿವಿನ್ಯಾಸವೇ ಮುಂದೆ ಸರಕಾರದ ಮನ್ನಣೆಗೆ ಪಾತ್ರವಾಗಿ ‘ನುಡಿ’ ತಂತ್ರಾಂಶದಲ್ಲಿಯೂ ಬಳಕೆಗೆ ಬಂದಿತು. ಎರಡನೆಯದಾಗಿ, ಬಳಸುವವನು ಬರೆಯುವ ಓಲೆ, ಬ್ಯಾಂಕಿನ ಗುಪ್ತಪದ, ಮನೆಯ ಮಾತು ಎಲ್ಲವೂ ಕೀಲಿಮಣೆಯ ಮೂಲಕವೇ ಹಾದುಹೋಗುತ್ತವೆ. ಅಲ್ಲಿ ಲೋಪವುಂಟಾದರೆ ಅಕ್ಷರವೂ ಕೆಡಬಹುದು, ನಂಬಿಕೆಯೂ ಕೆಡಬಹುದು.

ಕೇರಳದ ಗಡಿಗೆ ಸಮೀಪವಾದ ಪುತ್ತೂರು ತಾಲೂಕಿನ ಈಶ್ವರಮಂಗಲದ ಹೆಸರನ್ನೇ ತೆಗೆದುಕೊಳ್ಳಬಹುದು. ‘ಈಶ್ವರಮಂಗಲ’ ಎಂಬಲ್ಲಿ ಛಂದಸ್ಸನ್ನು ಓದಿದವನು ಈ, ಶ್ವ, ರ, ಮಂ, ಗ, ಲ ಎಂದು ಆರು ಅಕ್ಷರಗಳನ್ನೂ ಎಂಟು ಮಾತ್ರೆಗಳನ್ನೂ ಎಣಿಸುತ್ತಾನೆ. ಯುನಿಕೋಡ್ ಸಂಕೇತವ್ಯವಸ್ಥೆಯಾದರೋ ಶಕಾರ, ವಿರಾಮಚಿಹ್ನೆ, ವಕಾರಗಳನ್ನು ಬಿಡಿಸಿ, ಅನುಸ್ವಾರವನ್ನು ಬೇರೆಯಾಗಿಟ್ಟು ಒಂಬತ್ತು ಸಂಕೇತಗಳನ್ನು ಎಣಿಸುತ್ತದೆ. ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕಾದುದರಿಂದ ಅದೇ ಹೆಸರು 27 ಬೈಟುಗಳಾಗುತ್ತದೆ. ಹೀಗೆ ಒಂದೇ ಪದಕ್ಕೆ ಆರು, ಒಂಬತ್ತು, ಇಪ್ಪತ್ತೇಳು ಎಂಬ ಮೂರು ಲೆಕ್ಕಗಳು. ಯಾವ ಕ್ರಮವಿಧಿ ಭಾಷೆ ಯಾವ ಲೆಕ್ಕವನ್ನು ಹಿಡಿಯುತ್ತದೆಂಬುದೇ ಆಯ್ಕೆಯ ಮೊದಲ ಒರೆಗಲ್ಲು.

ಒಳಪದರದ ಭಾಷೆಗಳಲ್ಲಿ ಹಿರಿದಾದುದು ‘ಸಿ’. ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಇದನ್ನು 1972ರ ಸುಮಾರಿಗೆ ರೂಪಿಸಿದರು. ಆಂಡ್ರಾಯ್ಡಿಗೆ ಆಧಾರವಾದ ಲಿನಕ್ಸ್ ತಿರುಳು ಬಹುಪಾಲು ಈ ಭಾಷೆಯಲ್ಲಿಯೇ ಇದೆ. ಇದರ ವಂಶದಲ್ಲಿ ಬಂದ ‘ಸಿ ಪ್ಲಸ್ ಪ್ಲಸ್’ ಭಾಷೆಯಲ್ಲಿ ಬರೆದ ‘ಹಾರ್ಫ್‌ಬಜ್’ ಎಂಬ ತಂತ್ರಾಂಶವೇ ಆಂಡ್ರಾಯ್ಡಿನಲ್ಲಿ ಕನ್ನಡದ ಒತ್ತಕ್ಷರಗಳನ್ನು ಸರಿಯಾದ ಸ್ಥಾನದಲ್ಲಿ ಕೂಡಿಸುತ್ತದೆ. ವೇಗದಲ್ಲಿಯೂ ಮಿತವ್ಯಯದಲ್ಲಿಯೂ ಇವು ಶ್ರೇಷ್ಠ. ಆದರೆ ಸ್ಮೃತಿಯ ರಕ್ಷಣೆಯ ಹೊಣೆಯನ್ನು ಇವು ಬಹುಮಟ್ಟಿಗೆ ಬರೆಯುವವನಿಗೇ ಬಿಡುತ್ತವೆ. ಹತ್ತು ಬೈಟುಗಳಷ್ಟೇ ಹಿಡಿಯುವ ಪಾತ್ರೆಯಲ್ಲಿ ‘ಈಶ್ವರಮಂಗಲ’ವನ್ನು ತುಂಬಲು ಹೊರಟರೆ, ಉಳಿದುದು ಹೊರಚೆಲ್ಲಿ ಪಕ್ಕದ ಸ್ಮೃತಿಯನ್ನು ಕೆಡಿಸಬಹುದು. ಹತ್ತಕ್ಕೆ ಕತ್ತರಿಸಿದರೆ ವಕಾರದ ಮೂರನೆಯ ಒಂದು ಭಾಗ ಮಾತ್ರ ಉಳಿದು ಅರ್ಥವಿಲ್ಲದ ಗುರುತಾಗುತ್ತದೆ. ಇಂತಹ ಸ್ಮೃತಿದೋಷಗಳೇ ಕಳ್ಳರಿಗೆ ಕಿಂಡಿಯಾಗುವುವು.

ಈ ದೋಷವನ್ನು ಮೂಲದಲ್ಲಿಯೇ ತಡೆಯಲು ಹುಟ್ಟಿದುದು ‘ರಸ್ಟ್’. ಇದರ ಪ್ರಥಮ ಸ್ಥಿರ ಆವೃತ್ತಿ 2015ರಲ್ಲಿ ಹೊರಬಂದಿತು. ಯಾವ ಸ್ಮೃತಿಗೆ ಯಾರು ಒಡೆಯ, ಯಾರು ಎರವು ಪಡೆದವರು ಎಂಬುದನ್ನು ಕ್ರಮವಿಧಿ ನಡೆಯುವ ಮುನ್ನವೇ ಇದು ಪರೀಕ್ಷಿಸುತ್ತದೆ. ಅಕ್ಷರದ ನಡುವೆ ಕತ್ತರಿಸಲು ಯತ್ನಿಸಿದರೆ ಗುಟ್ಟಾಗಿ ಕೆಡಿಸದೆ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಗೂಗಲ್ ಸಂಸ್ಥೆಯು 2021ರಲ್ಲಿ ಆಂಡ್ರಾಯ್ಡಿನ ಒಳಪದರಕ್ಕೆ ಇದನ್ನು ಅಂಗೀಕರಿಸಿತು. ಆಂಡ್ರಾಯ್ಡಿನ ಭದ್ರತಾಲೋಪಗಳಲ್ಲಿ ಸ್ಮೃತಿದೋಷಗಳ ಪಾಲು 2019ರಲ್ಲಿ ಶೇಕಡಾ 76 ಇದ್ದುದು 2024ರ ವೇಳೆಗೆ ಶೇಕಡಾ 24ಕ್ಕೆ ಇಳಿಯಿತೆಂದು ಆ ಸಂಸ್ಥೆ ತಿಳಿಸಿದೆ. ಹೊಸ ಭಾಗಗಳನ್ನು ರಸ್ಟ್, ಕಾಟ್ಲಿನ್, ಜಾವಾಗಳಂತಹ ಸುರಕ್ಷಿತ ಭಾಷೆಗಳಲ್ಲಿ ಬರೆದುದೇ ಇದಕ್ಕೆ ಮುಖ್ಯ ಕಾರಣ. ಆದರೂ ರಸ್ಟ್ ವೈಯಾಕರಣನಲ್ಲ. ಒಂಬತ್ತನೆಯ ಬೈಟಿನ ಬಳಿ ಕತ್ತರಿಸಿದರೆ ಅದು ಅಡ್ಡಿಪಡಿಸದು. ಉಳಿಯುವುದು ‘ಈಶ್’ ಎಂಬ ಅರೆಮಾತು.

ಮೇಲ್ಪದರದ ಭಾಷೆಗಳಲ್ಲಿ 1995ರಲ್ಲಿ ಬಂದ ಜಾವಾ ಮತ್ತು 2019ರಿಂದ ಆಂಡ್ರಾಯ್ಡಿನಲ್ಲಿ ಗೂಗಲ್ ಪ್ರಾಶಸ್ತ್ಯ ನೀಡಿದ ಕಾಟ್ಲಿನ್ ಮುಖ್ಯವಾದವು. ಇವು ಉಪಯೋಗ ಮುಗಿದ ಸ್ಮೃತಿಯನ್ನು ತಾವೇ ಗುಡಿಸಿ ತೆಗೆಯುತ್ತವೆ. ಇವುಗಳಲ್ಲಿ ಅಕ್ಷರದ ಅಳತೆ ಹದಿನಾರು ಬಿಟ್ಟುಗಳ ಘಟಕ. ಕನ್ನಡದ ಒಂದು ಸಂಕೇತಕ್ಕೆ ಒಂದು ಘಟಕ ಸಾಕು. ಆದರೆ ಈ ಸೀಮೆಯ ಮನೆಮಾತಾದ ತುಳುವಿನ ಲಿಪಿಗೆ ಅಷ್ಟು ಸಾಲದು. 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿನ 16ನೆಯ ಆವೃತ್ತಿಯು ‘ತುಳು-ತಿಗಳಾರಿ’ ಲಿಪಿಗೆ ಸ್ಥಾನವಿತ್ತಿತು. ಅದರ ಒಂದೊಂದು ಸಂಕೇತಕ್ಕೂ ಎರಡು ಘಟಕಗಳು, ಯುಟಿಎಫ್-8ರಲ್ಲಿ ನಾಲ್ಕು ಬೈಟುಗಳು ಬೇಕು. ಕನ್ನಡವನ್ನು ಮಾತ್ರ ಕಂಡು ‘ಒಂದು ಸಂಕೇತಕ್ಕೆ ಒಂದು ಘಟಕ’ ಎಂದು ಬರೆದ ಕ್ರಮವಿಧಿಯು ತುಳುವಿನ ಒಂದು ಅಕ್ಷರವನ್ನು ಅಳಿಸಹೋಗಿ ಅದನ್ನು ಅರ್ಧಕ್ಕೆ ಸೀಳಿಬಿಡುತ್ತದೆ.

ಆಪಲ್ ಸಂಸ್ಥೆಯು ಐಫೋನಿನಲ್ಲಿ ಹೊರಗಿನವರ ಕೀಲಿಮಣೆಗೆ 2014ರಲ್ಲಿ ಅವಕಾಶವಿತ್ತು, ಅದೇ ವರ್ಷ ‘ಸ್ವಿಫ್ಟ್’ ಭಾಷೆಯನ್ನೂ ಪ್ರಕಟಿಸಿತು. ಇದು ‘ಮಂ’ ಎಂಬುದನ್ನು ಒಂದೇ ಅಕ್ಷರವಾಗಿ ಎಣಿಸುವುದು ಮೆಚ್ಚತಕ್ಕ ಸಂಗತಿ. ಆದರೆ ಸಂಯುಕ್ತಾಕ್ಷರವನ್ನು ಒಂದೆಂದು ಗ್ರಹಿಸುವ ಹೊಣೆಯನ್ನು ಯಾವ ಭಾಷೆಗೂ ಒಪ್ಪಿಸಿ ನಿಶ್ಚಿಂತೆಯಿಂದ ಇರುವಂತಿಲ್ಲ.

ಹಾಗಾದರೆ ಆಯ್ಕೆ ಹೇಗೆ? ಆಂಡ್ರಾಯ್ಡಿನಲ್ಲಿ ಕೀಲಿಗಳ ರೂಪ, ಸ್ಪರ್ಶದ ಗ್ರಹಣ ಇತ್ಯಾದಿಗಳನ್ನು ಕಾಟ್ಲಿನ್‌ನಲ್ಲಿ ಬರೆಯುವುದೇ ಯುಕ್ತ. ಲಕ್ಷಾಂತರ ಪದಗಳ ಕೋಶದಿಂದ ಮುಂದಿನ ಪದವನ್ನು ಕ್ಷಣಮಾತ್ರದಲ್ಲಿ ಹುಡುಕಿ ಸೂಚಿಸುವ ತಿರುಳು ಮಾತ್ರ ಒಳಪದರದಲ್ಲಿರಲಿ. ಆಂಡ್ರಾಯ್ಡಿನ ಮೂಲ ಕೀಲಿಮಣೆಯೂ ಹೀಗೆಯೇ ಜಾವಾದ ಹೊರಮೈಯನ್ನೂ ಸಿ ಪ್ಲಸ್ ಪ್ಲಸ್‌ನ ಪದಕೋಶವನ್ನೂ ಹೊಂದಿದೆ. ಹೊಸದಾಗಿ ತೊಡಗುವವರು ತಿರುಳಿಗೆ ರಸ್ಟನ್ನು ಆರಿಸುವುದು ಲೇಸು. ಸಿ ಪ್ಲಸ್ ಪ್ಲಸ್‌ನ ಸಿದ್ಧ ಭಂಡಾರವನ್ನೇ ನೆಚ್ಚಬೇಕಾದಲ್ಲಿ ಅದನ್ನೇ ಎಚ್ಚರದಿಂದ ಬಳಸಬಹುದು. ಎರಡು ಪದರಗಳ ನಡುವಣ ಗಡಿಯನ್ನು ದಾಟುವಾಗಲೆಲ್ಲ ಅಕ್ಷರಗಳ ರೂಪವನ್ನು ಪರಿವರ್ತಿಸಬೇಕಾಗುತ್ತದೆ. ಅದಕ್ಕೆ ಕಾಲವ್ಯಯವುಂಟು, ತಪ್ಪಿಗೆ ಅವಕಾಶವೂ ಉಂಟು. ಆದುದರಿಂದ ಒಂದೊಂದು ಕೀಲಿಗೆ ಹತ್ತು ಬಾರಿ ಗಡಿ ದಾಟದೆ, ಒಮ್ಮೆ ಕೇಳಿ ಒಮ್ಮೆ ಉತ್ತರ ಪಡೆಯುವಂತೆ ರಚಿಸತಕ್ಕುದು. ಅಗತ್ಯವಿಲ್ಲದೆಡೆ ಒಳಪದರಕ್ಕೆ ಇಳಿಯುವುದು ಜಾಣತನವಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳು ಲಕ್ಷ್ಯವಿಡತಕ್ಕ ಮಾತೊಂದಿದೆ. ಯಂತ್ರದ ಭಾಷೆಯನ್ನು ಕಲಿತವನಿಗೆ ಸಂಯುಕ್ತಾಕ್ಷರದ ಸ್ವರೂಪ ತಿಳಿಯದಿದ್ದರೆ ಅವನ ಕೀಲಿಮಣೆ ‘ಈಶ್ವರ’ನನ್ನು ‘ಈಶ್’ ಎಂದು ನಿಲ್ಲಿಸಬಹುದು. ವ್ಯಾಕರಣವನ್ನು ಮಾತ್ರ ಬಲ್ಲವನಿಂದ ಕೀಲಿಮಣೆಯೇ ಹುಟ್ಟಲಾರದು. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಅಕ್ಷರದ ವಿಚಾರದಿಂದಲೇ ಶಾಸ್ತ್ರವನ್ನು ಆರಂಭಿಸಿದನು. ಇಂದಿನ ಕ್ರಮವಿಧಿಕಾರನೂ ಅಲ್ಲಿಂದಲೇ ಹೊರಟರೆ ಅವನ ಕಾಯಕವು ಗಡಿನಾಡಿನ ಮನೆಮನೆಗೂ ಉಪಕಾರಿಯಾಗುವುದರಲ್ಲಿ ಸಂದೇಹವಿಲ್ಲ.