ಡೇರೆ, ಒಂಟೆ ಮತ್ತು ಹಳ್ಳಿಕಾರ್ ಎತ್ತು

ರಾಜಸ್ಥಾನದ ಜೈಸಲ್ಮೇರಿಗೆ ಹೋದ ಪ್ರವಾಸಿ ಒಂದು ರಾತ್ರಿಯನ್ನಾದರೂ ಮರಳುಗಾಡಿನಲ್ಲಿ ಕಳೆಯದೆ ಹಿಂದಿರುಗುವುದಿಲ್ಲ. ಸಂಜೆ ಒಂಟೆಯ ಮೇಲೆ ಸವಾರಿ, ಸಮ್ ಎಂಬಲ್ಲಿನ ಮರಳುದಿಣ್ಣೆಗಳ ಮೇಲೆ ಸೂರ್ಯಾಸ್ತ, ಆಮೇಲೆ ಡೇರೆಯಲ್ಲಿ ಊಟ ಮತ್ತು ನಿದ್ರೆ. ನೀರು, ಮೇವು, ಹಾಸಿಗೆ ಎಲ್ಲವನ್ನೂ ಮಾರ್ಗದರ್ಶಿಯೇ ಹೊಂದಿಸಿರುತ್ತಾನೆ. ಮಂಡ್ಯ ಸೀಮೆಯಿಂದ ಹೋಗಿ ಬಂದವರು ಇದನ್ನು ಬೇರೆ ಲೋಕದ ಅನುಭವವೆಂದೇ ಬಣ್ಣಿಸುತ್ತಾರೆ. ಕಬ್ಬು, ಭತ್ತ, ತೆಂಗು ಬೆಳೆಯುವ ನಾಡಿಗೂ ಒಂಟೆ, ಡೇರೆಗಳಿಗೂ ಎಲ್ಲಿಯ ಸಂಬಂಧ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಆದರೆ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಬಯಲುಗಳು ಡೇರೆಗಳನ್ನು ಕಂಡಷ್ಟು ದಕ್ಷಿಣದ ಕೆಲವೇ ಪ್ರದೇಶಗಳು ಕಂಡಿರಬಹುದು. ಶ್ರೀರಂಗಪಟ್ಟಣ ರಾಜಧಾನಿಯಾಗಿತ್ತು, ಅದರ ಮೇಲೆ ಬರುವ ಸೈನ್ಯಗಳೆಲ್ಲ ಸುತ್ತಲಿನ ಹೊಲಗಳಲ್ಲೇ ಬೀಡುಬಿಡಬೇಕಾಗಿತ್ತು. ಪಾಂಡವಪುರದ ಹಿಂದಿನ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದರಿಂದಲೇ ಇಂಗ್ಲಿಷರು ಅದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು.

ಸೈನ್ಯದ ಬಿಡಾರವೆಂದರೆ ಕೇವಲ ಸಿಪಾಯಿಗಳ ಗುಂಪಲ್ಲ. ಅದು ನಡೆದಾಡುವ ಪಟ್ಟಣ. ಮರಾಠರ ದಂಡಿನಲ್ಲಿ ಬಿನೀವಾಲೆ ಎಂಬ ಅಧಿಕಾರಿ ಮುಂದಾಗಿ ಹೋಗಿ ತಂಗುವ ಜಾಗ ಗೊತ್ತುಮಾಡುತ್ತಿದ್ದ. ಮುಖ್ಯಸ್ಥನ ಡೇರೆ ಎಲ್ಲಿ ಎಂಬುದನ್ನು ಅವನು ನೆಟ್ಟ ಬಾವುಟ ತೋರಿಸುತ್ತಿತ್ತು. ಉಳಿದವರ ಡೇರೆ, ಅಂಗಡಿಬೀದಿಗಳೆಲ್ಲ ಅದನ್ನು ನೋಡಿಕೊಂಡು ಎದ್ದು ನಿಲ್ಲುತ್ತಿದ್ದವು. ದೊಡ್ಡ ಡೇರೆಗಳನ್ನೂ ಅವುಗಳ ಗೂಟ, ಹಗ್ಗಗಳನ್ನೂ ಹೊರುವುದು ಒಂಟೆಯ ಕೆಲಸ. ಅವಸರದ ಓಲೆಗಳನ್ನು ಒಯ್ಯುತ್ತಿದ್ದವನೂ ಒಂಟೆಯ ಸವಾರನೇ. ಅವನನ್ನು ಸಾಂಡಣಿ ಸವಾರ ಎನ್ನುತ್ತಿದ್ದರು.

ಒಂಟೆಗೆ ಈ ಕೆಲಸ ಹೊಂದಿಕೊಳ್ಳಲು ಅದರ ದೇಹರಚನೆಯೇ ಕಾರಣ. ಅದರ ಡುಬ್ಬದಲ್ಲಿರುವುದು ನೀರಲ್ಲ, ಕೊಬ್ಬು. ಮೇವು ಸಿಗದ ದಿನಗಳಲ್ಲಿ ಆ ಕೊಬ್ಬು ಕರಗಿ ಆಹಾರವಾಗುತ್ತದೆ. ಮೆತ್ತನೆಯ ಅಗಲವಾದ ಪಾದ ಮರಳಿನಲ್ಲಿ ಹೂತುಹೋಗುವುದಿಲ್ಲ. ಒಂದೇ ಪಕ್ಕದ ಎರಡು ಕಾಲುಗಳನ್ನು ಒಟ್ಟಿಗೆ ಎತ್ತಿಡುವುದರಿಂದ ಸವಾರ ದೋಣಿಯಲ್ಲಿ ಕುಳಿತಂತೆ ತೂಗಾಡುತ್ತಾನೆ. ಆದರೆ ಇದೇ ಪಾದ ಮಳೆ ಬಿದ್ದ ಜೇಡಿನೆಲದಲ್ಲಿ ಜಾರುತ್ತದೆ. ತೇವದ ಹವೆಯಲ್ಲಿ ಕಚ್ಚುವ ನೊಣಗಳಿಂದ ಹರಡುವ ‘ಸುರ್ರಾ’ ರೋಗವೂ ಒಂಟೆಗೆ ಮಾರಕ. ಕಾವೇರಿ ಬಯಲಿಗೆ ಒಂಟೆ ದಂಡಿನ ಜೊತೆ ಬಂದದ್ದು ನಿಜ. ಇಲ್ಲಿನ ಒಕ್ಕಲುತನಕ್ಕೆ ಅದು ಒಗ್ಗಲಿಲ್ಲ. ಈ ನೆಲದ ಪ್ರಾಣಿ ಎತ್ತು.

ಪ್ರಾಣಿಗಳ ಈ ಲೆಕ್ಕಾಚಾರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1791ರ ಮೇ ತಿಂಗಳೇ ಸಾಕ್ಷಿ. ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲೀಸ್ ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದು, ಮೇ ಮೊದಲ ವಾರದಲ್ಲಿ ಶ್ರೀರಂಗಪಟ್ಟಣದತ್ತ ಹೊರಟ. ಟಿಪ್ಪು ದಾರಿಯುದ್ದಕ್ಕೂ ಹುಲ್ಲು, ದವಸ ಕೈಗೆ ಸಿಗದಂತೆ ಮಾಡಿದ್ದ. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಕಾರ್ನ್‌ವಾಲೀಸ್ ಗೆದ್ದನಾದರೂ ಆ ಗೆಲುವಿನಿಂದ ಅವನಿಗೆ ಪ್ರಯೋಜನವಾಗಲಿಲ್ಲ. ಮೇವಿಲ್ಲದೆ ಎತ್ತುಗಳು ಸಾಲುಸಾಲಾಗಿ ಸತ್ತವು. ಮುಂಗಾರಿನ ಮಳೆ ಹಿಡಿಯಿತು. ಬಿಡಾರದಲ್ಲಿ ಸಿಡುಬು ಕಾಣಿಸಿಕೊಂಡಿತು. ಕೋಟೆ ಒಡೆಯುವ ಭಾರಿ ಫಿರಂಗಿಗಳನ್ನು ಕನ್ನಂಬಾಡಿಯತ್ತ ಸಿಪಾಯಿಗಳೇ ಹೆಗಲುಕೊಟ್ಟು ಎಳೆಯಬೇಕಾಯಿತು.

ಕನ್ನಂಬಾಡಿಯಲ್ಲಿ ಹೊಳೆ ದಾಟಿ, ಪಿರಿಯಾಪಟ್ಟಣದ ಕಡೆಯಿಂದ ಬರುತ್ತಿದ್ದ ಮುಂಬಯಿ ಸೈನ್ಯವನ್ನು ಕೂಡಿಕೊಳ್ಳುವ ಯೋಚನೆಯನ್ನೂ ಕೈಬಿಡಬೇಕಾಯಿತು. ಮೇ 22ರಂದು ಕಾರ್ನ್‌ವಾಲೀಸ್ ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿಸಿದ. ಎಳೆಯಲು ಎತ್ತುಗಳಿಲ್ಲದ ಫಿರಂಗಿ ಬರೀ ಕಬ್ಬಿಣ. ಆ ಹಳೆಯ ಕನ್ನಂಬಾಡಿ ಗ್ರಾಮ ಮುಂದೆ ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿತು.

ಸೈನ್ಯ ಹಿಂದಿರುಗುತ್ತಿದ್ದಾಗ ಮೇ 26ರಂದು ಮೇಲುಕೋಟೆಯ ಹತ್ತಿರ ಕುದುರೆ ಸವಾರರು ಕಾಣಿಸಿಕೊಂಡರು. ಶತ್ರುಗಳೆಂದು ಮೊದಲು ಭಾವಿಸಲಾಯಿತು. ಬಂದವರು ಹರಿಪಂತ ಫಡ್ಕೆ ಮತ್ತು ಪರಶುರಾಮ ಭಾವು ಅವರ ಮರಾಠಾ ದಂಡಿನವರು, ಇಂಗ್ಲಿಷರ ಮಿತ್ರರು. ಟಿಪ್ಪುವಿನ ಹರಿಕಾರರು ಓಲೆಗಳನ್ನೆಲ್ಲ ದಾರಿಯಲ್ಲೇ ತಡೆದಿದ್ದರಿಂದ, ಇಷ್ಟು ಹತ್ತಿರ ಬಂದಿದ್ದ ಮಿತ್ರಸೈನ್ಯದ ಸುಳಿವೇ ಕಾರ್ನ್‌ವಾಲೀಸ್‌ಗೆ ಸಿಕ್ಕಿರಲಿಲ್ಲ. ನಾಲ್ಕು ದಿನ ಮೊದಲು ಸುದ್ದಿ ಮುಟ್ಟಿದ್ದರೆ ಫಿರಂಗಿಗಳು ಉಳಿಯುತ್ತಿದ್ದವು.

ಹಸಿದ ಸೈನ್ಯಕ್ಕೆ ಮರಾಠರ ಬಿಡಾರದ ಪೇಟೆ ಸ್ವರ್ಗದಂತೆ ಕಂಡಿತು. ಮೈಸೂರಿನ ಇತಿಹಾಸ ಬರೆದ ಕರ್ನಲ್ ಮಾರ್ಕ್ ವಿಲ್ಕ್ಸ್ ಅದನ್ನು ವಿವರವಾಗಿ ವರ್ಣಿಸಿದ್ದಾನೆ. ಕಾಶ್ಮೀರದ ಶಾಲು, ಇಂಗ್ಲೆಂಡಿನ ಉಣ್ಣೆಬಟ್ಟೆ, ಕೊಂಕಣದ ಒಣಮೀನು, ವಜ್ರ, ಕುರಿ, ಕೋಳಿ ಎಲ್ಲವೂ ಅಲ್ಲಿ ಮಾರಾಟಕ್ಕಿದ್ದವು. ಬೆಲೆ ಮಾತ್ರ ವಿಪರೀತ. ಸರಾಫರು ನಾನಾ ದೇಶಗಳ ನಾಣ್ಯಗಳನ್ನು ಬೀದಿಯಲ್ಲೇ ಹರವಿಕೊಂಡು ಕುಳಿತಿದ್ದರು. ಚರ್ಮ ಹದಮಾಡುವವರು ನೆಲದಲ್ಲಿ ಗುಂಡಿ ತೋಡಿ ಅದರೊಳಗೆ ಹಸಿ ಚರ್ಮವನ್ನೇ ತೊಟ್ಟಿಯಂತೆ ಹರಡಿ ಕೆಲಸ ನಡೆಸುತ್ತಿದ್ದರು. ದಂಡು ಹೊರಟರೆ ಆ ತೊಟ್ಟಿಯೇ ಚೀಲವಾಗಿ ಪ್ರಾಣಿಯ ಬೆನ್ನೇರುತ್ತಿತ್ತು.

ಅದೇ ಪೇಟೆಯಲ್ಲಿ ಬಡ ಹಳ್ಳಿಯ ಹುಡುಗಿಯೊಬ್ಬಳ ಬೆಳ್ಳಿಯ ಓಲೆಯೂ ಇತ್ತೆಂದು ವಿಲ್ಕ್ಸ್ ಹೇಳುತ್ತಾನೆ. ಈ ಪೇಟೆಯ ಸಿರಿಯ ಮೂಲ ಅಲ್ಲಿ ತಿಳಿಯುತ್ತದೆ. ಬಿಡಾರದ ಕುದುರೆ, ಎತ್ತು, ಒಂಟೆಗಳಿಗೆ ಬೇಕಾದ ಮೇವು ರೈತನ ಬಣವೆಯಿಂದಲೇ ಬರಬೇಕಿತ್ತು. ಉರಿಸಲು ಸೌದೆ ಅವನ ಹಿತ್ತಲಿನಿಂದಲೇ ಬರಬೇಕಿತ್ತು. ಮೇಲುಕೋಟೆಗೆ ಇದು ಹೊಸದೂ ಅಲ್ಲ. 1771ರಲ್ಲಿ ಚಿನಕುರಳಿಯ ಬಳಿ ಹೈದರನನ್ನು ಸೋಲಿಸಿದ ಮರಾಠರ ಸೈನ್ಯ ಆ ಕ್ಷೇತ್ರವನ್ನು ಲೂಟಿಮಾಡಿತ್ತು. ನಾಗಮಂಗಲವೂ ಪರಶುರಾಮ ಭಾವುವಿನ ದಂಡಿನಿಂದ ಹಾಳಾಯಿತು. ಸೈನ್ಯದ ಕೈಗೆ ಮೇವು ಸಿಗದಿರಲೆಂದು ಸುಟ್ಟವರೂ ಹಳ್ಳಿಗರ ಹುಲ್ಲನ್ನೇ ಸುಟ್ಟರು, ಹಸಿವಿನಿಂದ ಕಿತ್ತುಕೊಂಡವರೂ ಅದನ್ನೇ ಕಿತ್ತುಕೊಂಡರು. ಯಾರು ಗೆದ್ದರೂ ಬಣವೆ ಹೋದದ್ದು ಒಬ್ಬನದೇ.

ಮರುವರ್ಷ ಕಾರ್ನ್‌ವಾಲೀಸ್ ಪಾಠ ಕಲಿತು ಬಂದ. ಹೇರೆತ್ತುಗಳ ಮೇಲೆ ದವಸ ಸಾಗಿಸುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ಬಂಜಾರರು, ಅಂದರೆ ಲಂಬಾಣಿಗಳು, ಅವನ ಸೈನ್ಯಕ್ಕೆ ಧಾನ್ಯ ಒದಗಿಸಿದರು. 1792ರ ಫೆಬ್ರವರಿ 6ರ ರಾತ್ರಿ ದಾಳಿ ನಡೆಯಿತು. ಕೊನೆಗೆ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು.

ಎತ್ತಿನ ಬೆಲೆಯನ್ನು ಮೈಸೂರಿನ ಅರಸರು ಮೊದಲೇ ಅರಿತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲಕ್ಕೆ ‘ಅಮೃತ ಮಹಲ್’ ಆಯಿತು. ಹಾಲು ಬೆಣ್ಣೆಯ ಹೆಸರಿದ್ದರೂ ಅಲ್ಲಿ ಬೆಳೆಯುತ್ತಿದ್ದುದು ಫಿರಂಗಿ ಎಳೆಯುವ ಎತ್ತುಗಳು. ಹೈದರ್, ಟಿಪ್ಪು ಸೈನ್ಯಗಳ ವೇಗದ ಗುಟ್ಟು ಇವುಗಳಲ್ಲೇ ಇತ್ತು. 1799ರ ನಂತರ ಆರ್ಥರ್ ವೆಲ್ಲೆಸ್ಲಿ ಸಹ ತನ್ನ ದಂಡಯಾತ್ರೆಗಳಿಗೆ ಇವನ್ನೇ ನೆಚ್ಚಿಕೊಂಡ. 1860ರಲ್ಲಿ ಇಂಗ್ಲಿಷ್ ಸರ್ಕಾರ ಖರ್ಚು ಉಳಿಸಲು ಈ ಇಲಾಖೆಯನ್ನು ಮುಚ್ಚಿತು. ಒಳ್ಳೆಯ ಎತ್ತುಗಳಿಗೆ ಕೊರತೆಯಾದಾಗ 1866ರಲ್ಲಿ ಮತ್ತೆ ತೆರೆಯಿತು.

ದಂಡುಗಳು ಹೋದವು, ಅವುಗಳ ಜೊತೆ ಒಂಟೆಗಳೂ ಹೋದವು. ಡೇರೆಗಳ ಪಟ್ಟಣ ನಿಂತಿದ್ದ ಬಯಲು ಮತ್ತೆ ಹೊಲವಾಯಿತು. ಉಳಿದುಕೊಂಡದ್ದು ಎತ್ತು. ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದ ದನಗಳ ಜಾತ್ರೆಯಲ್ಲಿ, ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಗಳನ್ನು ಸಾಲಾಗಿ ಕಟ್ಟಿ, ಪಕ್ಕದಲ್ಲೇ ಬಿಡಾರ ಹೂಡಿ ರೈತರು ರಾತ್ರಿ ಕಳೆಯುತ್ತಾರೆ. ಕೊಳ್ಳುವವನು ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ಬೆಲೆ ಕೇಳುತ್ತಾನೆ. ಅಲ್ಲಿಯೂ ಬಿಡಾರವುಂಟು, ಬೀದಿಯುಂಟು, ಅಂಗಡಿಯುಂಟು. ಆದರೆ ಎತ್ತಿನ ಮುಂದಿರುವ ಹುಲ್ಲು ಅದನ್ನು ಸಾಕಿದವನದೇ.